ಸಾಲ್ವೇಜ್ ಟೈಟಲ್ ಇರುವ ಹಳೆಯ ಕಾರನ್ನು ಕೊಳ್ಳಬಹುದೇ? ಅಮೆರಿಕದಲ್ಲಿರುವ ಕನ್ನಡಿಗರಿಗೊಂದು ಮಾರ್ಗದರ್ಶಿ

ಅಮೆರಿಕಕ್ಕೆ ಓದಲೆಂದೋ ಕೆಲಸಕ್ಕೆಂದೋ ಬಂದವರು ಮೊದಲ ವರ್ಷದಲ್ಲೇ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಹನ್ನೆರಡು ಸಾವಿರ ಡಾಲರ್ ಬಾಳುವ ಕಾರು ಎಂಟು ಸಾವಿರಕ್ಕೆ ಸಿಗುತ್ತಿದೆ, ಆದರೆ ಸಾಲ್ವೇಜ್ ಟೈಟಲ್ ಅಂತೆ, ತೆಗೆದುಕೊಳ್ಳಬಹುದೇ?" ಕ್ರೆಡಿಟ್ ಇತಿಹಾಸವಿಲ್ಲದ ಕಾರಣ ಬ್ಯಾಂಕಿನ ಸಾಲ ಸಿಗದ, ಬಸ್ಸು ರೈಲುಗಳಿಲ್ಲದ ಊರಿನಲ್ಲಿ ಕಾರಿಲ್ಲದೆ ದಿನಸಿ ತರುವುದೂ ಆಗದ ವಿದ್ಯಾರ್ಥಿಗೆ ಆ ನಾಲ್ಕು ಸಾವಿರ ಡಾಲರ್ ಸಣ್ಣ ಮೊತ್ತವಲ್ಲ. ಆದುದರಿಂದ "ಮುಟ್ಟಲೇಬೇಡಿ" ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸುವುದು ಸುಲಭವಾದರೂ ಅದು ಪೂರ್ಣ ಉತ್ತರವಾಗುವುದಿಲ್ಲ. ಇಂತಹ ಕಾರುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯವು, ಬಹಳಷ್ಟು ಅಲ್ಲ. ಇವೆರಡನ್ನೂ ಬೇರ್ಪಡಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲು ಪದಗಳ ಅರ್ಥವನ್ನು ತಿಳಿದುಕೊಳ್ಳೋಣ. ಟೈಟಲ್ ಎಂದರೆ ಕಾರಿನ ಒಡೆತನದ ಪತ್ರ. ಅದನ್ನು ಕೊಡುವುದು ಆಯಾ ರಾಜ್ಯದ ವಾಹನ ಇಲಾಖೆ. ಬಹುತೇಕ ರಾಜ್ಯಗಳಲ್ಲಿ ಇದನ್ನು ಡಿಎಂವಿ ಎನ್ನುತ್ತಾರೆ, ನಮ್ಮ ಆರ್‌ಟಿಒ ಇದ್ದ ಹಾಗೆ. ನಮ್ಮಲ್ಲಿ ಆರ್‌ಸಿ ಮಾಡುವ ಕೆಲಸವನ್ನು ಅಲ್ಲಿ ಟೈಟಲ್ ಮತ್ತು ರಿಜಿಸ್ಟ್ರೇಷನ್ ಎಂಬ ಎರಡು ಪತ್ರಗಳು ಹಂಚಿಕೊಂಡಿವೆ. ಕಾರು ಅಪಘಾತದಲ್ಲೋ ಪ್ರವಾಹದಲ್ಲೋ ಹಾಳಾದಾಗ, ರಿಪೇರಿಯ ಖರ್ಚು ಅದರ ಬೆಲೆಗೆ ಹೋಲಿಸಿದರೆ ಅತಿಯಾಯಿತು ಎಂದು ಕಂಡರೆ, ವಿಮಾ ಕಂಪನಿ ಅದನ್ನು ಪೂರ್ಣ ನಷ್ಟ, ಅಂದರೆ ಟೋಟಲ್ ಲಾಸ್ ಎಂದು ಘೋಷಿಸಿ ಮಾಲೀಕನಿಗೆ ಹಣ ಕೊಟ್ಟು ಕಾರನ್ನು ತಾನೇ ಇಟ್ಟುಕೊಳ್ಳುತ್ತದೆ. ಆಗ ಆ ಕಾರಿನ ಟೈಟಲ್ ಮೇಲೆ ಬೀಳುವ ಗುರುತೇ ಸಾಲ್ವೇಜ್. ಭಾರತದಲ್ಲಿಯೂ ವಿಮಾ ಕಂಪನಿಗಳು ರಿಪೇರಿ ಖರ್ಚು ಘೋಷಿತ ಮೌಲ್ಯದ ಶೇ. 75 ಮೀರಿದರೆ ಪೂರ್ಣ ನಷ್ಟವೆಂದು ಪರಿಗಣಿಸುತ್ತವೆ. ಆದರೆ ರಿಪೇರಿಯಾಗಿ ಮತ್ತೆ ರಸ್ತೆಗಿಳಿದ ಕಾರಿನ ಆರ್‌ಸಿಯ ಮೇಲೆ ಅದರ ಚರಿತ್ರೆಯನ್ನು ಹೇಳುವ ಇಂತಹ ಗುರುತು ಇರುವುದಿಲ್ಲ. ಊರಿನಲ್ಲಿ ಹಳೆಯ ಕಾರು ಕೊಂಡು ಅನುಭವವಿರುವವರಿಗೂ ಇಲ್ಲಿ ಗೊಂದಲವಾಗುವುದು ಈ ಕಾರಣಕ್ಕೆ.

ಈ ಗುರುತು ಕಾರಿನ ಸ್ಥಿತಿಯನ್ನು ಅಳೆದು ಕೊಟ್ಟ ಅಂಕವಲ್ಲ, ವಿಮೆಯ ಲೆಕ್ಕಾಚಾರದ ಫಲಿತಾಂಶ ಮಾತ್ರ ಎಂಬುದನ್ನು ನೆನಪಿಡಬೇಕು. ಲೆಕ್ಕದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಒಕ್ಲಹೋಮದಲ್ಲಿ ರಿಪೇರಿ ಖರ್ಚು ಕಾರಿನ ಬೆಲೆಯ ಶೇ. 60 ದಾಟಿದರೆ ಸಾಲ್ವೇಜ್. ಅದರ ಪಕ್ಕದ ಟೆಕ್ಸಾಸ್‌ನಲ್ಲಿ ಮಿತಿ ಶೇ. 100. ಐದು ವರ್ಷ ಹಳೆಯದಾದ, 15,000 ಡಾಲರ್ ಬೆಲೆಯ ಕಾರಿಗೆ 10,000 ಡಾಲರಿನ ರಿಪೇರಿ ಬಿದ್ದಿದೆ ಎಂದುಕೊಳ್ಳಿ. ಈ ಎರಡು ರಾಜ್ಯಗಳ ಗಡಿಯಾದ ರೆಡ್ ನದಿಯ ಉತ್ತರಕ್ಕೆ, ಒಕ್ಲಹೋಮದಲ್ಲಿ, ಅದು ಸಾಲ್ವೇಜ್ ಆಗುತ್ತದೆ, ದಕ್ಷಿಣಕ್ಕೆ ಆಗಲೇಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಶೇಕಡಾವಾರು ಮಿತಿ ಇಲ್ಲ. ರಿಪೇರಿ ಖರ್ಚು ಮತ್ತು ಜಖಂಗೊಂಡ ಕಾರನ್ನು ಹಾಗೆಯೇ ಮಾರಿದರೆ ಬರುವ ಹಣ ಎರಡನ್ನೂ ಕೂಡಿಸಿ, ಅದು ಅಪಘಾತಕ್ಕೆ ಮುಂಚಿನ ಬೆಲೆಯನ್ನು ಮುಟ್ಟುತ್ತದೆಯೇ ಎಂದು ನೋಡುತ್ತಾರೆ. ಹಾಗಾಗಿ ಹೊಸ ಕಾರಿಗೆ ಲೆಕ್ಕಕ್ಕೇ ಬಾರದ ಪೆಟ್ಟು ಹಳೆಯ ಕಾರನ್ನು ಸಾಲ್ವೇಜ್ ಮಾಡಿಬಿಡಬಹುದು. ಸ್ವಚ್ಛ ಟೈಟಲ್ ಇರುವ ಕಾರಿನ ಚಾಸಿ ಬಾಗಿರಲೂಬಹುದು, ಏಕೆಂದರೆ ಸ್ವಂತ ಕಾರಿನ ಹಾನಿಗೆ ವಿಮೆಯೇ ಇಲ್ಲದವನು ಗುದ್ದಿಸಿಕೊಂಡು ಕೈಯಿಂದ ಹಣ ಕೊಟ್ಟು ರಿಪೇರಿ ಮಾಡಿಸಿದರೆ ಯಾವ ಕಂಪನಿಗೂ ಅದು ಗೊತ್ತಾಗುವುದಿಲ್ಲ. ಆದುದರಿಂದ ಮುಂದಿನ ಎಲ್ಲ ಹಂತಗಳಲ್ಲೂ ನೀವು ಹುಡುಕಬೇಕಾದ ಉತ್ತರಗಳು ಎರಡು: ಏನು ಮುರಿದಿತ್ತು, ಮತ್ತು ಅದನ್ನು ಯಾರು ಹೇಗೆ ಸರಿಮಾಡಿದರು. ಇವೆರಡಕ್ಕೂ ದಾಖಲೆ ಇಲ್ಲದ ಕಾರನ್ನು, ಬೆಲೆ ಎಷ್ಟೇ ಕಡಿಮೆಯಿದ್ದರೂ, ಬಿಡಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಂತ 1: ಟೈಟಲ್ ಮೇಲಿನ ಪದವನ್ನು ಸ್ವತಃ ಓದಿ

ಮಾರುವವರು ಮಾತಿನಲ್ಲಿ ಸಾಲ್ವೇಜ್, ರೀಬಿಲ್ಟ್ ಎರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ. ಕಾನೂನಿನಲ್ಲಿ ಅವು ಬೇರೆ ಬೇರೆ. ಸಾಲ್ವೇಜ್ ಎಂದರೆ ಕಾರು ಇನ್ನೂ ರಿಪೇರಿಯಾಗಿ ತಪಾಸಣೆ ಮುಗಿಸಿಲ್ಲ ಎಂದರ್ಥ. ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ, ನಂಬರ್ ಪ್ಲೇಟ್ ಸಿಗುವುದಿಲ್ಲ. ರಿಪೇರಿಯಾಗಿ, ರಾಜ್ಯದ ತಪಾಸಣೆ ದಾಟಿದ ಮೇಲೆ ಸಿಗುವುದು ರೀಬಿಲ್ಟ್ ಟೈಟಲ್. ಇವಲ್ಲದೆ ಜಂಕ್ ಅಥವಾ ನಾನ್‌ರಿಪೇರಬಲ್ ಎಂಬ ಮೂರನೆಯ ಬಗೆಯೂ ಇದೆ. ಅದು ಬಿಡಿಭಾಗಕ್ಕೂ ಗುಜರಿಗೂ ಮೀಸಲು, ಆ ಪದ ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಶೇಷವಿದೆ: ಅಲ್ಲಿ ರಿಪೇರಿಯಾಗಿ ಮರುನೋಂದಣಿಯಾದ ಕಾರಿನ ಟೈಟಲ್ ಮೇಲೂ "ಸಾಲ್ವೇಜ್ಡ್" ಎಂದೇ ಇರುತ್ತದೆ. ಆ ರಾಜ್ಯದಲ್ಲಿ ಕೊಳ್ಳುವುದಾದರೆ ಟೈಟಲ್ ಜೊತೆಗೆ ಚಾಲ್ತಿಯಲ್ಲಿರುವ ರಿಜಿಸ್ಟ್ರೇಷನ್ ಇದೆಯೇ ಎಂದು ನೋಡಬೇಕು.

ರಿಪೇರಿಯಾಗದ ಕಾರನ್ನು ಅಗ್ಗಕ್ಕೆ ಕೊಂಡು ತಾವೇ ಸರಿಮಾಡಿಸಿ ರೀಬಿಲ್ಟ್ ಮಾಡಿಸುವ ಆಸೆ ಕೆಲವರಿಗೆ ಹುಟ್ಟುತ್ತದೆ. ಗ್ಯಾರೇಜಿನ ಕೆಲಸ ಬಲ್ಲವರನ್ನು ಬಿಟ್ಟರೆ ಉಳಿದವರಿಗೆ ಇದು ಸಲ್ಲದು. ಬಿಡಿಭಾಗಗಳ ರಸೀದಿ, ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗುವ ಬಾಡಿಗೆ, ತಪಾಸಣೆಯ ಸರದಿ, ಅರ್ಜಿಗಳು ಎಲ್ಲ ಸೇರಿದರೆ ಉಳಿತಾಯ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಈ ಲೇಖನದ ಮುಂದಿನ ಮಾತೆಲ್ಲ ಈಗಾಗಲೇ ರೀಬಿಲ್ಟ್ ಆಗಿರುವ ಕಾರಿಗೆ ಸಂಬಂಧಿಸಿದ್ದು.

ಇಲ್ಲಿ ಎಡವುವವರು ಹೆಚ್ಚು: "ಸರ್ಕಾರವೇ ತಪಾಸಣೆ ಮಾಡಿ ರೀಬಿಲ್ಟ್ ಕೊಟ್ಟಿದೆ, ಇನ್ನೇನು ಭಯ" ಎಂದು ನಂಬಬೇಡಿ. ಅನೇಕ ರಾಜ್ಯಗಳ ತಪಾಸಣೆಯ ಮುಖ್ಯ ಉದ್ದೇಶ ಕದ್ದ ಬಿಡಿಭಾಗಗಳನ್ನು ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ನ್ಯೂಯಾರ್ಕ್ ರಾಜ್ಯದ ಸಾಲ್ವೇಜ್ ಪರೀಕ್ಷೆ ನಡೆಯುವುದು ಅದಕ್ಕಾಗಿಯೇ; ವೆಲ್ಡಿಂಗ್ ಗಟ್ಟಿಯಾಗಿದೆಯೇ, ಮತ್ತೊಂದು ಅಪಘಾತವಾದರೆ ಕಾರು ನಿಮ್ಮನ್ನು ಕಾಪಾಡುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಹಂತ 2: ವಿನ್ ಸಂಖ್ಯೆಯಿಂದ ಚರಿತ್ರೆಯನ್ನು ತೆಗೆಸಿ

ವಿನ್ ಎಂದರೆ ಪ್ರತಿ ಕಾರಿಗೂ ಪ್ರತ್ಯೇಕವಾಗಿರುವ 17 ಅಕ್ಷರ ಮತ್ತು ಅಂಕಿಗಳ ಗುರುತು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ನಕಲು ಮಾಡಿಕೊಳ್ಳುವಾಗ ಸೊನ್ನೆಯನ್ನು ಓ ಎಂದು ಬರೆದುಕೊಂಡರೆ ಹುಡುಕಾಟ ವಿಫಲವಾಗುತ್ತದೆ. ಮುಂಭಾಗದ ಗಾಜಿನ ಕೆಳಗೆ ಚಾಲಕನ ಬದಿಯಲ್ಲಿರುವ ಪಟ್ಟಿ, ಚಾಲಕನ ಬಾಗಿಲಿನ ಒಳಚೌಕಟ್ಟಿನ ಚೀಟಿ ಮತ್ತು ಟೈಟಲ್ ಈ ಮೂರರಲ್ಲೂ ಅದು ಒಂದೇ ಇರಬೇಕು. ಬಾಗಿಲಿನ ಚೀಟಿ ಕಿತ್ತುಹೋಗಿದ್ದರೆ ಬಾಗಿಲು ಬದಲಾಗಿರಬಹುದು ಅಥವಾ ಆ ಭಾಗಕ್ಕೆ ಹೊಸ ಬಣ್ಣ ಬಿದ್ದಿರಬಹುದು, ಕಾರಣ ಕೇಳಿ.

ಮೊದಲ ಹುಡುಕಾಟಕ್ಕೆ ಹಣ ಬೇಕಿಲ್ಲ. ರಾಷ್ಟ್ರೀಯ ವಿಮಾ ಅಪರಾಧ ಸಂಸ್ಥೆಯಾದ ಎನ್‌ಐಸಿಬಿಯ ವಿನ್‌ಚೆಕ್ ಎಂಬ ಜಾಲತಾಣ ಸೌಲಭ್ಯ, ತನ್ನ ಸದಸ್ಯ ವಿಮಾ ಕಂಪನಿಗಳ ಕಳವು ಮತ್ತು ಸಾಲ್ವೇಜ್ ದಾಖಲೆಗಳನ್ನು ಉಚಿತವಾಗಿ ತೋರಿಸುತ್ತದೆ. ಎರಡನೆಯದು ಎನ್‌ಎಂವಿಟಿಐಎಸ್. ಇದು 1992ರ ವಾಹನ ಕಳವು ತಡೆ ಕಾಯ್ದೆಯ ಅಡಿಯಲ್ಲಿ ಹುಟ್ಟಿದ, ಕೇಂದ್ರ ನ್ಯಾಯ ಇಲಾಖೆಯ ಉಸ್ತುವಾರಿಯಲ್ಲಿರುವ ಟೈಟಲ್ ಮಾಹಿತಿ ವ್ಯವಸ್ಥೆ. ವಿಮಾ ಕಂಪನಿಗಳೂ ಗುಜರಿ ವ್ಯಾಪಾರಿಗಳೂ 2009ರಿಂದ ಇದಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ. ಮಾನ್ಯತೆ ಪಡೆದ ಮಾರಾಟಗಾರರಿಂದ ಇದರ ವರದಿ ಕೆಲವೇ ಡಾಲರ್‌ಗೆ ಸಿಗುತ್ತದೆ. ಮೂರನೆಯದಾದ ಕಾರ್‌ಫ್ಯಾಕ್ಸ್, ಆಟೋಚೆಕ್ ಎಂಬ ಖಾಸಗಿ ವರದಿಗಳ ಬೆಲೆ ಹೆಚ್ಚು; ಆದರೆ ಸರ್ವಿಸ್ ಮತ್ತು ಅಪಘಾತದ ವಿವರಗಳು ಅವುಗಳಲ್ಲಿ ಹೆಚ್ಚಾಗಿರುತ್ತವೆ. ನನ್ನ ಸಲಹೆ: ಮೊದಲೆರಡನ್ನು ಪ್ರತಿ ಕಾರಿಗೂ, ಮೂರನೆಯದನ್ನು ಮನಸ್ಸಿಗೆ ಬಂದ ಕಾರಿಗೆ ಮಾತ್ರ ತೆಗೆಸಿ.

ವರದಿಯಲ್ಲಿ ರಾಜ್ಯಗಳ ಸರಣಿಯನ್ನು ಗಮನವಿಟ್ಟು ಓದಿ. ಕೆಲವು ತಿಂಗಳುಗಳ ಅಂತರದಲ್ಲಿ ಕಾರು ಎರಡು ಮೂರು ರಾಜ್ಯಗಳಲ್ಲಿ ಟೈಟಲ್ ಪಡೆದಿದ್ದರೆ ಅದು ಟೈಟಲ್ ವಾಷಿಂಗ್ ಇರಬಹುದು: ಒಂದು ರಾಜ್ಯದಲ್ಲಿ ಬಿದ್ದ ಗುರುತನ್ನು, ಆ ಗುರುತನ್ನು ಮುಂದುವರಿಸದ ಇನ್ನೊಂದು ರಾಜ್ಯಕ್ಕೆ ಒಯ್ದು ತೊಳೆದುಹಾಕುವ ಮೋಸಕ್ಕೆ ಇಟ್ಟ ಹೆಸರು ಅದು. 2005ರ ಕತ್ರಿನಾ, 2012ರ ಸ್ಯಾಂಡಿ, 2017ರ ಹಾರ್ವೆ, 2022ರ ಇಯಾನ್ ಚಂಡಮಾರುತಗಳಂತಹ ಪ್ರತಿ ದೊಡ್ಡ ಪ್ರವಾಹದ ನಂತರವೂ ನೀರು ಕುಡಿದ ಕಾರುಗಳು ಸಮುದ್ರವೇ ಇಲ್ಲದ ರಾಜ್ಯಗಳ ಮಾರುಕಟ್ಟೆಗಳಿಗೆ ಹರಿದುಬರುತ್ತವೆ. ಇದೇ ಹೊತ್ತಿನಲ್ಲಿ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ವಿನ್ ಹಾಕಿ, ಬಾಕಿ ಉಳಿದಿರುವ ರೀಕಾಲ್ ಇದೆಯೇ ಎಂದು ನೋಡಿ. ರೀಕಾಲ್ ಎಂದರೆ ತಯಾರಕರೇ ದೋಷವನ್ನೊಪ್ಪಿ ಉಚಿತವಾಗಿ ಸರಿಪಡಿಸಿಕೊಡುವ ಕ್ರಮ.

ಹಂತ 3: ಜಖಂ ಆದಾಗಿನ ಚಿತ್ರಗಳನ್ನು ಕೇಳಿ

ಎಲ್ಲ ಹಂತಗಳಲ್ಲೂ ಮುಖ್ಯವಾದದ್ದು ಇದು. ಸಾಲ್ವೇಜ್ ಕಾರನ್ನು ಕೊಂಡು ರಿಪೇರಿ ಮಾಡಿ ಮಾರುವವನ ಬಳಿ ರಿಪೇರಿಗೆ ಮುಂಚಿನ ಚಿತ್ರಗಳು ಇದ್ದೇ ಇರುತ್ತವೆ, ಏಕೆಂದರೆ ಅವನು ಅದನ್ನು ಕೊಂಡದ್ದೇ ಹರಾಜಿನ ಚಿತ್ರಗಳನ್ನು ನೋಡಿ. ಕೊಪಾರ್ಟ್, ಐಎಎ ಎಂಬ ಎರಡು ಕಂಪನಿಗಳು ಈ ಹರಾಜುಗಳನ್ನು ದೊಡ್ಡ ಪ್ರಮಾಣದಲ್ಲಿ ನಡೆಸುತ್ತವೆ. ವಿನ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿದರೆ ಅನೇಕ ಸಲ ಆ ಹಳೆಯ ಚಿತ್ರಗಳು ನಿಮಗೇ ಸಿಗುತ್ತವೆ. ಅವನ್ನು ನೋಡಿದ ಮೇಲೆಯೂ ಮಾರುವವನನ್ನು ಕೇಳಿ. ಅವನು ಹೇಳುವುದೂ ಚಿತ್ರ ತೋರಿಸುವುದೂ ಹೊಂದುತ್ತವೆಯೇ ಎಂಬುದರಲ್ಲಿ ಕಾರಿನಷ್ಟೇ ಅವನ ಪರೀಕ್ಷೆಯೂ ಆಗುತ್ತದೆ. "ಬಂಪರ್ ಮಾತ್ರ ಹೋಗಿತ್ತು" ಎಂದವನ ಕಾರಿನ ಚಿತ್ರದಲ್ಲಿ ಏರ್‌ಬ್ಯಾಗ್ ಜೋತುಬಿದ್ದಿದ್ದರೆ ಮುಂದೆ ಮಾತನಾಡಬೇಕಾಗಿಲ್ಲ.

ಕಾರಣಗಳನ್ನು ನಾನು ಹೀಗೆ ತೂಗುತ್ತೇನೆ. ಆಲಿಕಲ್ಲಿನ ಮಳೆಯಿಂದ ಮೇಲ್ಮೈ ತುಂಬ ತಗ್ಗು ಬಿದ್ದ ಕಾರು ನೋಡಲು ಕುರೂಪವಾದರೂ ಒಳಗೆ ಗಟ್ಟಿಯಾಗಿರುತ್ತದೆ. ಟೆಕ್ಸಾಸ್, ಕೊಲರಾಡೊಗಳಲ್ಲಿ ಇಂತಹವು ಸಾಕಷ್ಟು ಸಿಗುತ್ತವೆ ಮತ್ತು ಸಾಲ್ವೇಜ್ ಕಾರುಗಳಲ್ಲಿ ನಾನು ಧೈರ್ಯವಾಗಿ ಶಿಫಾರಸು ಮಾಡುವ ಬಗೆ ಇದೊಂದೇ. ಕಳುವಾಗಿ, ವಿಮೆಯ ಹಣ ಪಾವತಿಯಾದ ಮೇಲೆ ಸಿಕ್ಕಿದ ಕಾರೂ ಪರವಾಗಿಲ್ಲ, ಕಳ್ಳರು ಏನೇನು ಕಿತ್ತಿದ್ದರು ಎಂಬುದು ಗೊತ್ತಾಗಬೇಕಷ್ಟೇ. ಬಾಗಿಲು, ಮಡ್‌ಗಾರ್ಡ್, ಬಂಪರ್‌ಗಳಿಗೆ ಮಾತ್ರ ಪೆಟ್ಟಾಗಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಮುಂಭಾಗ ಅಪ್ಪಚ್ಚಿಯಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದ ಕಾರು, ಎರಡು ಬಾಗಿಲುಗಳ ನಡುವಿನ ಕಂಬ ಅಥವಾ ಚಾವಣಿ ಬಾಗಿದ್ದ ಕಾರು, ಪಲ್ಟಿಯಾದ ಕಾರು, ಬೆಂಕಿ ಹತ್ತಿದ ಕಾರು ಇವುಗಳನ್ನು ಬಿಡಿ. ನೀರಿನಲ್ಲಿ ಮುಳುಗಿದ ಕಾರನ್ನಂತೂ ಯಾವ ಬೆಲೆಗೂ ಬೇಡ ಎನ್ನಿ. ಇಂದಿನ ಕಾರಿನಲ್ಲಿ ಮೈಲುಗಟ್ಟಲೆ ತಂತಿಯೂ ಹತ್ತಾರು ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಇರುತ್ತವೆ. ತುಕ್ಕು ಒಳಗಿನಿಂದ ನಿಧಾನವಾಗಿ ತಿನ್ನುತ್ತಾ ಹೋಗಿ ಎಂಟು ತಿಂಗಳ ಬಳಿಕ ಒಂದು ದಿನ ಹೆದ್ದಾರಿಯಲ್ಲಿ ಕೈಕೊಡುತ್ತದೆ. ಎಲೆಕ್ಟ್ರಿಕ್ ಕಾರಾದರೆ ಅಪಾಯ ಇನ್ನೂ ದೊಡ್ಡದು: ಇಯಾನ್ ಚಂಡಮಾರುತದ ಬಳಿಕ ಫ್ಲಾರಿಡಾದಲ್ಲಿ ಉಪ್ಪುನೀರಿನಲ್ಲಿ ನೆನೆದ ಎಲೆಕ್ಟ್ರಿಕ್ ಕಾರುಗಳಿಗೆ, ನೀರು ಇಳಿದು ದಿನಗಳಾದ ಮೇಲೂ, ಬೆಂಕಿ ಹತ್ತಿಕೊಂಡ ಪ್ರಕರಣಗಳು ನಡೆದವು.

ಹಂತ 4: ಕಾರು ನೋಡುವ ಮೊದಲೇ ವಿಮಾ ಕಂಪನಿಗೆ ಫೋನ್ ಮಾಡಿ

ಈ ಕೆಲಸವನ್ನು ಹೆಚ್ಚಿನವರು ಕಾರು ಕೊಂಡ ಮರುದಿನ ಮಾಡುತ್ತಾರೆ, ಮೊದಲೇ ಮಾಡಬೇಕು. ಲಯಬಿಲಿಟಿ, ಅಂದರೆ ನೀವು ಬೇರೆಯವರಿಗೆ ಮಾಡಿದ ಹಾನಿಯನ್ನು ತುಂಬಿಕೊಡುವ ವಿಮೆ, ರೀಬಿಲ್ಟ್ ಕಾರಿಗೆ ಸಾಮಾನ್ಯವಾಗಿ ಸಿಗುತ್ತದೆ. ನಿಮ್ಮ ಕಾರಿಗೇ ಆದ ಹಾನಿಯನ್ನು ತುಂಬುವ ಕೊಲಿಷನ್ ಮತ್ತು ಕಾಂಪ್ರಿಹೆನ್ಸಿವ್ ವಿಮೆಗಳನ್ನು ಕೆಲವು ಕಂಪನಿಗಳು ಕೊಡುವುದೇ ಇಲ್ಲ. ಕೊಟ್ಟರೂ, ಕಾರು ಮತ್ತೆ ಪೂರ್ಣ ನಷ್ಟವಾದಾಗ ರೀಬಿಲ್ಟ್ ಕಾರಿನ ಕಡಿಮೆ ಬೆಲೆಯ ಲೆಕ್ಕದಲ್ಲೇ ಪರಿಹಾರ ಬರುತ್ತದೆ. ವಿನ್ ಸಂಖ್ಯೆ ಕೊಟ್ಟು, ಟೈಟಲ್ ರೀಬಿಲ್ಟ್ ಎಂದು ಸ್ಪಷ್ಟವಾಗಿ ತಿಳಿಸಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಟೈಟಲ್ ವಿಷಯವನ್ನು ಮುಚ್ಚಿಟ್ಟು ಆನ್‌ಲೈನ್‌ನಲ್ಲಿ ವಿಮೆ ಮಾಡಿಸಿಕೊಂಡರೆ ಪರಿಹಾರ ಕೇಳುವ ದಿನ ತೊಂದರೆ ಎದುರಾಗುತ್ತದೆ.

ಬ್ಯಾಂಕುಗಳಲ್ಲಿ ಬಹಳಷ್ಟು ಇಂತಹ ಕಾರಿಗೆ ಸಾಲ ಕೊಡುವುದಿಲ್ಲ. ಪೂರ್ತಿ ಹಣ ಕೈಯಲ್ಲಿದ್ದರೆ ಮಾತ್ರ ಮುಂದುವರಿಯಿರಿ. ತಯಾರಕರ ವಾರಂಟಿಯೂ ಸಾಮಾನ್ಯವಾಗಿ ಸಾಲ್ವೇಜ್ ಆದ ಕಾರಿಗೆ ಅನ್ವಯಿಸುವುದಿಲ್ಲ, ಕಾರು ಎರಡೇ ವರ್ಷ ಹಳೆಯದಾಗಿದ್ದರೂ. ಟೆಸ್ಲಾ ಕಾರುಗಳಲ್ಲಿ ಸಾಲ್ವೇಜ್ ಆದ ಮೇಲೆ ವೇಗದ ಚಾರ್ಜಿಂಗ್ ಸೌಲಭ್ಯ ನಿಂತಿರುವ ಸಾಧ್ಯತೆ ಇದೆ; ಚಾರ್ಜಿಂಗ್ ಕೇಂದ್ರಕ್ಕೆ ಒಯ್ದು ಪರೀಕ್ಷಿಸದೆ ಅದನ್ನು ಕೊಳ್ಳಬೇಡಿ.

ಹಂತ 5: ಹಗಲು ಬೆಳಕಿನಲ್ಲಿ ನೀವೇ ನೋಡಿ

ಮಳೆಯಲ್ಲಿ, ರಾತ್ರಿಯಲ್ಲಿ, ಆಗತಾನೇ ತೊಳೆದು ಹೊಳೆಯುತ್ತಿರುವಾಗ ಕಾರು ನೋಡಬೇಡಿ. ಬಾನೆಟ್, ಬಾಗಿಲು, ಡಿಕ್ಕಿಯ ಸಂದುಗಳು ಎರಡೂ ಬದಿಯಲ್ಲಿ ಸಮನಾಗಿವೆಯೇ ನೋಡಿ; ಒಂದು ಕಡೆ ಬೆರಳು ತೂರುವಷ್ಟು, ಇನ್ನೊಂದು ಕಡೆ ಉಗುರೂ ತೂರದಷ್ಟು ಇದ್ದರೆ ಚೌಕಟ್ಟು ಎಳೆದುಕೊಂಡಿದೆ ಎಂದರ್ಥ. ಬಣ್ಣದ ದಪ್ಪ ಅಳೆಯುವ ಚಿಕ್ಕ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕಾರ್ಖಾನೆಯ ಬಣ್ಣ ಸುಮಾರು 100ರಿಂದ 180 ಮೈಕ್ರಾನ್ ಇರುತ್ತದೆ. 300 ದಾಟಿದ ಕಡೆ ಬಣ್ಣದ ಕೆಳಗೆ ಪುಟ್ಟಿ ಮೆತ್ತಿ ಟಿಂಕರಿಂಗ್ ಮಾಡಿದ್ದಾರೆ ಎಂದು ಶಂಕಿಸಿ. ಅಯಸ್ಕಾಂತ ಹಿಡಿದು ನೋಡುವ ಹಳೆಯ ಉಪಾಯ ಅಲ್ಯೂಮಿನಿಯಂ ಭಾಗಗಳ ಮೇಲೆ ನಡೆಯುವುದಿಲ್ಲ. 2015ರಿಂದ ಬಂದ ಫೋರ್ಡ್ ಎಫ್-150ಯ ದೇಹವೆಲ್ಲ ಅಲ್ಯೂಮಿನಿಯಂ.

ನೀರಿನ ಗುರುತಿಗಾಗಿ ಸೀಟ್‌ಬೆಲ್ಟನ್ನು ತುದಿಯವರೆಗೂ ಎಳೆಯಿರಿ. ಕೆಸರಿನ ಕಲೆ ಉಳಿಯುವುದು ಅಲ್ಲಿ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯ ತಳದ ಮರಳು, ಹೆಡ್‌ಲೈಟಿನ ಒಳಗಿನ ನೀರಿನ ಗೆರೆ ಇವುಗಳನ್ನು ನೋಡಿ. ಒಳಗೆ ಸುಗಂಧದ ವಾಸನೆ ಗಮ್ಮೆನ್ನುತ್ತಿದ್ದರೆ ಅದು ಯಾವ ವಾಸನೆಯನ್ನು ಮುಚ್ಚಲು ಎಂದು ಯೋಚಿಸಿ.

ಏರ್‌ಬ್ಯಾಗ್ ವಿಷಯಕ್ಕೆ ಹೆಚ್ಚು ಸಮಯ ಕೊಡಿ. ಅಸಲಿ ಏರ್‌ಬ್ಯಾಗ್ ದುಬಾರಿ. ಒಂದಕ್ಕೆ ಸಾವಿರ ಡಾಲರ್ ಆಗುವುದೂ ಉಂಟು. ಆದುದರಿಂದ ಲಾಭಕ್ಕಾಗಿ ರಿಪೇರಿ ಮಾಡುವವನು ಮೊದಲು ಕತ್ತರಿ ಹಾಕುವುದು ಇಲ್ಲಿಯೇ. 2024ರ ಜುಲೈಯಲ್ಲಿ ಎನ್‌ಎಚ್‌ಟಿಎಸ್‌ಎ ಒಂದು ಎಚ್ಚರಿಕೆ ಹೊರಡಿಸಿತು: ಹಿಂದೆ ಅಪಘಾತವಾಗಿದ್ದ ಕಾರುಗಳಲ್ಲಿ ಅಸಲಿಯ ಬದಲು ಕಳಪೆ ಇನ್‌ಫ್ಲೇಟರ್, ಅಂದರೆ ಏರ್‌ಬ್ಯಾಗಿಗೆ ಗಾಳಿ ತುಂಬುವ ಸಿಡಿಮದ್ದಿನ ಭಾಗ, ಹಾಕಿದ್ದರಿಂದ ಒಂಬತ್ತು ತಿಂಗಳಲ್ಲಿ ಐದು ಘಟನೆಗಳಾಗಿ ಮೂವರು ಸತ್ತಿದ್ದರು, ಇಬ್ಬರು ವಿಕಾರವಾಗುವಷ್ಟು ಗಾಯಗೊಂಡಿದ್ದರು. ಕಾರು ಚಾಲೂ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಹತ್ತಿಯೇ ಇದ್ದರೆ ದೋಷವಿದೆ. ಹತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಕಿತ್ತಿದ್ದಾರೆ, ಇದು ಹೆಚ್ಚು ಗಂಭೀರ. ದೀಪ ಸರಿಯಾಗಿ ವರ್ತಿಸಿದರೂ ಮೋಸವಿರಬಹುದು, ಏಕೆಂದರೆ ಏರ್‌ಬ್ಯಾಗಿನ ಜಾಗದಲ್ಲಿ ಒಂದು ರೆಸಿಸ್ಟರ್ ಜೋಡಿಸಿ ಕಂಪ್ಯೂಟರನ್ನೇ ನಂಬಿಸಬಹುದು. ಆದುದರಿಂದ ಏರ್‌ಬ್ಯಾಗ್ ಬಿಚ್ಚಿಕೊಂಡಿತ್ತು ಎಂದಾದರೆ, ಕಾರಿನ ಕಂಪನಿಯ ಡೀಲರ್ ಬಳಿ ಕೊಂಡ ಬಿಡಿಭಾಗದ ರಸೀದಿಯೇ ಬೇಕು. ಅಪಘಾತದಲ್ಲಿ ಸೀಟ್‌ಬೆಲ್ಟನ್ನು ಬಿಗಿಗೊಳಿಸುವ ಭಾಗವೂ ಒಮ್ಮೆ ಸಿಡಿದರೆ ಬದಲಾಯಿಸಬೇಕು. ಅದರ ರಸೀದಿಯನ್ನೂ ಕೇಳಿ.

ಹಂತ 6: ಓಡಿಸಿ, ಸ್ಕ್ಯಾನರ್ ಹಚ್ಚಿ

1996ರಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾದ ಪೆಟ್ರೋಲ್ ಕಾರುಗಳಲ್ಲೆಲ್ಲ ಸ್ಟಿಯರಿಂಗ್ ಕೆಳಗೆ ಒಬಿಡಿ-2 ಎಂಬ ಜೋಡಣಾ ಸ್ಥಾನವಿರುತ್ತದೆ. ಇಪ್ಪತ್ತು ಮೂವತ್ತು ಡಾಲರಿನ ಸ್ಕ್ಯಾನರ್ ಅದಕ್ಕೆ ಸಿಕ್ಕಿಸಿದರೆ ಎಂಜಿನ್ನಿನ ದೋಷ ಸಂಕೇತಗಳು ಫೋನಿನಲ್ಲಿ ಕಾಣುತ್ತವೆ. ಸಂಕೇತಗಳಿಲ್ಲವೆಂದು ಹಿಗ್ಗಬೇಡಿ, ಕಾರಿನ ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್ ಎಂಬ ಪುಟವನ್ನೂ ತೆರೆಯಿರಿ. ಅಲ್ಲಿ ಹೆಚ್ಚಿನವು "ನಾಟ್ ರೆಡಿ" ಎಂದಿದ್ದರೆ ನಿನ್ನೆಯೋ ಮೊನ್ನೆಯೋ ಯಾರೋ ದೋಷಗಳನ್ನು ಅಳಿಸಿ ನಿಮ್ಮ ದಾರಿ ಕಾಯುತ್ತಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಓಡಿಸುವಾಗ ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆಯುತ್ತದೆಯೇ, ಹೆದ್ದಾರಿಯ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆಯೇ, ಬ್ರೇಕ್ ಒತ್ತಿದಾಗ ಓರೆಯಾಗುತ್ತದೆಯೇ ಗಮನಿಸಿ. ಹೊಸ ಕಾರುಗಳಲ್ಲಿ ಬಂಪರ್ ಹಿಂದೆ ರಾಡಾರ್, ಗಾಜಿನ ಹಿಂದೆ ಕ್ಯಾಮರಾ ಇರುತ್ತವೆ. ಬಂಪರ್ ಅಥವಾ ಗಾಜು ಬದಲಾದ ಮೇಲೆ ಅವನ್ನು ಮರುಹೊಂದಿಸಿರದಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ತಪ್ಪು ಹೊತ್ತಿನಲ್ಲಿ ಹಾಕುತ್ತದೆ, ಹಾಕಬೇಕಾದಾಗ ಹಾಕುವುದಿಲ್ಲ. ಮರುಹೊಂದಿಸಿದ ರಸೀದಿ ಇದೆಯೇ ಎಂದು ಕೇಳಿ.

ಹಂತ 7: ಸ್ವತಂತ್ರ ತಪಾಸಣೆ ಮಾಡಿಸಿ

ಕೊಳ್ಳುವ ಮುನ್ನಿನ ತಪಾಸಣೆಗೆ ಸಾಮಾನ್ಯವಾಗಿ ನೂರರಿಂದ ಇನ್ನೂರೈವತ್ತು ಡಾಲರ್ ಆಗುತ್ತದೆ. ಮೆಕ್ಯಾನಿಕ್‌ನನ್ನು ನೀವೇ ಆರಿಸಿ. ಮಾರುವವನು ಸೂಚಿಸಿದ ಗ್ಯಾರೇಜು ಬೇಡ. ರೀಬಿಲ್ಟ್ ಕಾರಿನ ವಿಷಯದಲ್ಲಿ ಎಂಜಿನ್ ನೋಡುವ ಮೆಕ್ಯಾನಿಕ್ ಒಬ್ಬನೇ ಸಾಲದು. ಬಾಡಿ ಶಾಪ್, ಅಂದರೆ ಅಪಘಾತದ ಕಾರುಗಳ ಚೌಕಟ್ಟನ್ನು ಅಳೆದು ಸರಿಪಡಿಸುವ ಗ್ಯಾರೇಜಿಗೂ ಒಯ್ಯಿರಿ. ಇಂದಿನ ಕಾರುಗಳ ಮುಂಭಾಗವನ್ನು ಪೆಟ್ಟಿನ ಶಕ್ತಿಯನ್ನು ಹೀರಿಕೊಂಡು ತಾನು ಕುಗ್ಗುವಂತೆ ರೂಪಿಸಿರುತ್ತಾರೆ. ಆ ಭಾಗವನ್ನು ಬದಲಾಯಿಸದೆ ಬಡಿದು ನೆಟ್ಟಗೆ ಮಾಡಿದ್ದರೆ ಮುಂದಿನ ಅಪಘಾತದಲ್ಲಿ ಅದು ಅಂದಾಜಿನಂತೆ ಕುಗ್ಗುವುದಿಲ್ಲ. ಇದನ್ನು ಲಿಫ್ಟಿನ ಮೇಲೆ ಎತ್ತಿ, ಕೆಳಗಿನ ವೆಲ್ಡಿಂಗ್ ನೋಡಿ, ಅಳತೆಯ ಬಿಂದುಗಳನ್ನು ಪರೀಕ್ಷಿಸಿದವರು ಮಾತ್ರ ಹೇಳಬಲ್ಲರು. ಹೋಗುವಾಗ ಹಂತ 3ರಲ್ಲಿ ಸಂಪಾದಿಸಿದ ಚಿತ್ರಗಳನ್ನು ಒಯ್ಯಿರಿ. ಎಲ್ಲಿ ಪೆಟ್ಟಾಗಿತ್ತೆಂದು ಗೊತ್ತಿದ್ದವನ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ತಪಾಸಣೆಗೆ ಮಾರುವವನು ಒಪ್ಪದಿದ್ದರೆ ನಿಮ್ಮ ತೀರ್ಮಾನ ಆದಂತೆಯೇ.

ಹಂತ 8: ಬೆಲೆಯ ಲೆಕ್ಕ ಹಾಕಿ

ರೀಬಿಲ್ಟ್ ಕಾರುಗಳು ಅದೇ ವರ್ಷದ, ಅಷ್ಟೇ ಓಡಿದ ಸ್ವಚ್ಛ ಟೈಟಲ್ ಕಾರಿಗಿಂತ ಸಾಮಾನ್ಯವಾಗಿ ಶೇ. 20ರಿಂದ 40ರಷ್ಟು ಕಡಿಮೆಗೆ ಮಾರಾಟವಾಗುತ್ತವೆ. 12,000 ಡಾಲರಿನ ಕಾರಾದರೆ 7,200ರಿಂದ 9,600ರ ನಡುವೆ. ಮಾರುವವನು 9,500 ಕೇಳುತ್ತಾನೆ ಎಂದುಕೊಳ್ಳಿ. ನಿಮಗೆ ಕಾಣುವ ಉಳಿತಾಯ 2,500. ಅದರಿಂದ ತಪಾಸಣೆಗಳ ಖರ್ಚು, ಬದಲಾಯಿಸಬೇಕಾದ ಟೈರು, ಮರುಹೊಂದಿಸಬೇಕಾದ ಕ್ಯಾಮರಾ ಕಳೆಯಿರಿ. ಉಳಿದದ್ದು ಒಂದೂವರೆ ಸಾವಿರವಾದರೆ, ಅಷ್ಟಕ್ಕಾಗಿ ವಾರಂಟಿಯನ್ನೂ ಪೂರ್ಣ ವಿಮೆಯನ್ನೂ ಬಿಟ್ಟುಕೊಡುವುದು ಬುದ್ಧಿವಂತಿಕೆಯಲ್ಲ. ಶೇ. 35ಕ್ಕಿಂತ ಕಡಿಮೆ ರಿಯಾಯಿತಿ ಇದ್ದರೆ ನಾನಾದರೆ ಎದ್ದು ಬರುತ್ತೇನೆ.

ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದೂ ಲೆಕ್ಕಕ್ಕೆ ಬರಬೇಕು. ಆರೇಳು ವರ್ಷ ಓಡಿಸಿ ಗುಜರಿಗೆ ಹಾಕುವವರಿಗೆ ಟೈಟಲ್ ಮೇಲಿನ ಗುರುತು ಅಷ್ಟು ಬಾಧಿಸುವುದಿಲ್ಲ. ಓದು ಮುಗಿಸಿ ಎರಡು ವರ್ಷದಲ್ಲಿ ಬೇರೆ ರಾಜ್ಯಕ್ಕೆ ಹೋಗುವವರಿಗೆ, ವೀಸಾ ಕಾರಣದಿಂದ ತಿಂಗಳೊಪ್ಪತ್ತಿನಲ್ಲಿ ಊರಿಗೆ ಮರಳಬೇಕಾಗಬಹುದಾದವರಿಗೆ ಇದು ದೊಡ್ಡ ತೊಡಕು: ರೀಬಿಲ್ಟ್ ಕಾರನ್ನು ಕೊಳ್ಳುವವರು ಕಡಿಮೆ, ಅವಸರದಲ್ಲಿ ಮಾರುವವನಿಗೆ ಸಿಗುವುದು ಇನ್ನೂ ಕಡಿಮೆ. ಅಂತಹವರು ಅದೇ ಹಣಕ್ಕೆ ನಾಲ್ಕು ವರ್ಷ ಹೆಚ್ಚು ಹಳೆಯದಾದ, ಸ್ವಚ್ಛ ಟೈಟಲ್ ಇರುವ ಕಾರನ್ನು ಕೊಳ್ಳುವುದು ಲೇಸು.

ಹಂತ 9: ಹಣ ಕೊಡುವ ದಿನ

ಟೈಟಲ್ ಮೇಲಿರುವ ಹೆಸರೂ ಮಾರುವವನ ಡ್ರೈವಿಂಗ್ ಲೈಸೆನ್ಸಿನ ಹೆಸರೂ ಒಂದೇ ಆಗಿರಬೇಕು. "ಗೆಳೆಯನ ಕಾರು, ಅವನು ಊರಿನಲ್ಲಿಲ್ಲ" ಎಂಬ ಉತ್ತರ ಬಂದರೆ ಎದುರಿಗಿರುವುದು ಪರವಾನಗಿ ಇಲ್ಲದೆ ವ್ಯಾಪಾರ ಮಾಡುವವನು ಎಂದುಕೊಳ್ಳಬಹುದು. ಮುಂದೆ ಟೈಟಲ್ ವರ್ಗಾವಣೆಯಲ್ಲಿ ಸಿಕ್ಕಿಬೀಳುವವರು ನೀವು. ಟೈಟಲ್ ಮೇಲೆ ಲೀನ್, ಅಂದರೆ ಸಾಲ ಕೊಟ್ಟವರ ಹಕ್ಕು, ನಮೂದಾಗಿದ್ದರೆ ಅದು ತೀರಿದ ಪತ್ರ ಬೇಕು. ವರ್ಷಕ್ಕೆ ಐದಕ್ಕಿಂತ ಹೆಚ್ಚು ಹಳೆಯ ಕಾರು ಮಾರುವ ಡೀಲರ್‌ಗಳು ಪ್ರತಿ ಕಾರಿನ ಮೇಲೂ ಬೈಯರ್ಸ್ ಗೈಡ್ ಎಂಬ ಚೀಟಿ ಅಂಟಿಸಬೇಕೆಂದು ಕೇಂದ್ರ ವ್ಯಾಪಾರ ಆಯೋಗದ ನಿಯಮವಿದೆ. ಅದರಲ್ಲಿ "ಆ್ಯಸ್ ಈಸ್" ಎಂಬ ಚೌಕಕ್ಕೆ ಗುರುತು ಹಾಕಿದ್ದರೆ, ಕಾರು ಇದ್ದ ಸ್ಥಿತಿಯಲ್ಲೇ ಮಾರಾಟವಾಗಿದೆ, ಮುಂದಿನ ರಿಪೇರಿ ನಿಮ್ಮದೇ ಎಂದರ್ಥ. ಡೀಲರ್ ಬಾಯಿಯಲ್ಲಿ ಕೊಟ್ಟ ಭರವಸೆಗಳನ್ನು ಆ ಚೀಟಿಯಲ್ಲಿಯೇ ಬರೆಸಿಕೊಳ್ಳಿ. ಖಾಸಗಿ ವ್ಯಕ್ತಿಗಳ ಮಾರಾಟಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಜಖಂ ಆದಾಗಿನ ಚಿತ್ರಗಳು, ಬಿಡಿಭಾಗಗಳ ರಸೀದಿ, ತಪಾಸಣೆಯ ವರದಿ, ವಿಮಾ ಕಂಪನಿಯ ಇಮೇಲ್ ಎಲ್ಲವನ್ನೂ ಒಂದು ಕಡತದಲ್ಲಿಡಿ. ಮುಂದೊಂದು ದಿನ ನೀವು ಈ ಕಾರನ್ನು ಮಾರುವಾಗ, ಜಾಹೀರಾತಿನ ಮೊದಲ ಸಾಲಿನಲ್ಲೇ ರೀಬಿಲ್ಟ್ ಎಂದು ಬರೆದು, ಕೊಳ್ಳಲು ಬಂದವರ ಕೈಗೆ ಕೀಲಿಗಿಂತ ಮೊದಲು ಆ ಕಡತವನ್ನು ಕೊಡಿ.